ಎಮ್ಮೆಯನ್ನು ಎಬ್ಬಿಸಿದ ಸೊಸೆ

ಔಷಧಿ ಉಗ್ರಾಣದ ಅಂಗಳದಲ್ಲಿ ಒಂದು ಮೋಟಾರ್ ಸೈಕಲ್ ಇತ್ತು. ಬಣ್ಣ ಕಪ್ಪು, ತೂಕ ಇನ್ನೂರು ಕಿಲೋದ ಮೇಲೆ, ಸ್ವಭಾವ ನಿಧಾನ. ಒಮ್ಮೆ ಮಲಗಿತೆಂದರೆ ಏಳುವ ಮಾತೇ ಇಲ್ಲ. ಹಾಗಾಗಿ ಎಲ್ಲರೂ ಅದನ್ನು ಎಮ್ಮೆ ಎಂದೇ ಕರೆಯುತ್ತಿದ್ದರು. ವಾರಕ್ಕೆರಡು ಸಲ ಅದು ಐಸ್ ಪೆಟ್ಟಿಗೆ ಹೊತ್ತುಕೊಂಡು ಬೆಟ್ಟದ ಏಳು ಊರುಗಳಿಗೆ ಮದ್ದು ಕೊಟ್ಟು ಬರುತ್ತಿತ್ತು. ಇಪ್ಪತ್ತೆರಡು ವರ್ಷ ಅದನ್ನು ಓಡಿಸಿದ ಸವಾರಣ್ಣನ ಸೊಂಟ ಈಗ ಕೈಕೊಟ್ಟಿತ್ತು. ಇನ್ನು ಹತ್ತಕೂಡದು ಎಂದು ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟಿದ್ದರು. ಸದ್ಯಕ್ಕೆ ಬೇರೆ ಉಗ್ರಾಣದ ಸವಾರನೊಬ್ಬ ಎರವಲಾಗಿ ಬಂದು ಆ ಸುತ್ತು ಮುಗಿಸಿ ಹೋಗುತ್ತಿದ್ದ.

ಆ ಐಸ್ ಪೆಟ್ಟಿಗೆ ತುಂಬುವ ಕೆಲಸ ಗುಬ್ಬಿಯದು. ಆಳು ಗಿಡ್ಡ, ನಡಿಗೆ ಚುರುಕು. ಆ ಹೆಸರು ಅವಳಿಗೆ ಹೇಗೆ ಬಂತೆಂದು ಯಾರೂ ಕೇಳಬೇಕಾಗಿರಲಿಲ್ಲ. ಒಂಬತ್ತು ವರ್ಷಗಳಿಂದ ಪೊಟ್ಟಣಗಳ ಮೇಲೆ ಬೆಟ್ಟದವರ ಹೆಸರು ಬರೆದೂ ಬರೆದೂ ಅವರೆಲ್ಲ ಅವಳಿಗೆ ನೆಂಟರಂತಾಗಿದ್ದರು. ಯಾರ ರಕ್ತದೊತ್ತಡ ಏರಿದೆ, ಯಾರ ಮಗುವಿಗೆ ಈ ತಿಂಗಳು ಲಸಿಕೆ, ಎಲ್ಲ ಗೊತ್ತು. ಮುಖ ಮಾತ್ರ ಒಂದನ್ನೂ ಕಂಡಿರಲಿಲ್ಲ. ಸವಾರಣ್ಣನ ಜಾಗಕ್ಕೆ ಕೇಳಿದ ಇಬ್ಬರು ಗಂಡಸರು ಆ ದಾರಿಯನ್ನು ಒಂದು ಸಲ ನೋಡಿ ಬಂದು ವ್ಯಾನಿನ ಕೆಲಸವೇ ಸಾಕೆಂದರು. ಆಗ ಗುಬ್ಬಿ ನಾನು ಹೋಗುತ್ತೇನೆಂದು ಕೈ ಎತ್ತಿದಳು.

ಓಡಿಸುವುದನ್ನು ಅವಳು ಬೇಗ ಕಲಿತಳು. ಸವಾರಣ್ಣ ಬಯಲಿನಲ್ಲಿ ಕಲ್ಲುಗಳನ್ನಿಟ್ಟು, ಅವುಗಳ ನಡುವೆ ನಿಧಾನವಾಗಿ ತಿರುಗಿಸುವುದನ್ನು ಹೇಳಿಕೊಟ್ಟ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿಯಬೇಡ, ಕಣ್ಣು ಹೋದ ಕಡೆಗೇ ಚಕ್ರ ಹೋಗುವುದು, ಹಳ್ಳ ನೋಡಿದರೆ ಹಳ್ಳಕ್ಕೇ ಇಳಿಯುವೆ ಎಂದ. ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲವಲ್ಲ ಎಂದು ಅವಳು ಅಳುಕಿದಾಗ, ಒಂದು ಕಾಲಿನ ತುದಿ ತಾಗಿದರೆ ಸಾಕು, ಎರಡೂ ತಾಗಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ ಎಂದು ನಕ್ಕ. ನಾಲ್ಕನೆಯ ವಾರಕ್ಕೆ ಗುಬ್ಬಿ ಏರುದಾರಿಯಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವುದನ್ನೂ ಕಲಿತಾಗಿತ್ತು.

ಆದರೆ ಉಗ್ರಾಣದಲ್ಲಿ ಹಿಂದಿನಿಂದ ಬಂದ ಒಂದು ಕಟ್ಟುಪಾಡಿತ್ತು. ಬೀಗದ ಕೈ ಕೊಡುವ ಮೊದಲು ಗ್ಯಾರೇಜಿನ ಮೇಸ್ತ್ರಿ ಎಮ್ಮೆಯನ್ನು ಅಂಗಳದಲ್ಲಿ ಮಲಗಿಸುವನು. ಬೀಗದ ಕೈ ಬೇಕೆನ್ನುವವರು ಅದನ್ನು ಒಬ್ಬರೇ ಎಬ್ಬಿಸಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಬೆಟ್ಟದ ದಾರಿಯಲ್ಲಿ ಬಿದ್ದರೆ ಎತ್ತಲು ದೇವರ ಹೊರತು ಇನ್ನಾರೂ ಇಲ್ಲ. ದೇವರಾದರೂ ಬರುವುದು ನಾವು ಕೈ ಹಚ್ಚಿದ ಮೇಲೆಯೇ.

ಗುಬ್ಬಿ ಹ್ಯಾಂಡಲ್ ಹಿಡಿದು, ಎಮ್ಮೆಗೆ ಎದುರಾಗಿ ಬಗ್ಗಿ, ಹಲ್ಲು ಕಚ್ಚಿ ಎಳೆದಳು. ಅದು ಒಂದು ಗೇಣು ಎದ್ದಂತೆ ಮಾಡಿ ಮತ್ತೆ ಮಲಗಿತು. ಇನ್ನೊಮ್ಮೆ ಎಳೆದಳು. ಸೊಂಟದಲ್ಲಿ ಚಳಕು ಹೊಡೆಯಿತು. ಮೇಸ್ತ್ರಿ ಕೆಟ್ಟವನೇನಲ್ಲ. ಬರುವ ಶನಿವಾರದವರೆಗೆ ಸಮಯ ಕೊಟ್ಟ. ಆಗಲೂ ಆಗದಿದ್ದರೆ ಎಮ್ಮೆಯನ್ನು ಬೇರೆ ಉಗ್ರಾಣಕ್ಕೆ ಕಳಿಸುವ ಕಾಗದ ಮೇಜಿನ ಮೇಲೆ ತಯಾರಿದೆಯೆಂದೂ, ಆಮೇಲೆ ಬೆಟ್ಟಕ್ಕೆ ತಿಂಗಳಿಗೊಂದೇ ಸಲ ವ್ಯಾನು ಹೋಗುವುದೆಂದೂ ಹೇಳಿದ.

ಮನೆಯಲ್ಲಿ ಗುಬ್ಬಿಯ ಗಂಡ ದರ್ಜಿ. ಅವನ ಬಾಯಿ ಅವನ ಸೂಜಿಗಿಂತ ಚೂಪು. ಇಷ್ಟು ದಿನ ಕೋಣನ ಮುಂದೆ ಕಿನ್ನರಿ ಬಾರಿಸೋದು ಕೇಳಿದ್ದೆ, ಎಮ್ಮೆ ಮುಂದೆ ಗುಬ್ಬಿ ಕುಸ್ತಿ ಮಾಡೋದು ಈಗಲೇ ಕೇಳಿದ್ದು ಎಂದ. ಹಾಗೆನ್ನುತ್ತಲೇ ಅವಳ ಪ್ಯಾಂಟಿನ ಮೊಣಕಾಲಿಗೆ ಹಳೆಯ ದಿಂಬಿನ ಹತ್ತಿಯಿಟ್ಟು ದಪ್ಪ ತೇಪೆ ಹಾಕಿಕೊಟ್ಟ.

ಅತ್ತೆ ಮಾತ್ರ ಮೂರು ದಿನ ಮಾತಾಡಲಿಲ್ಲ. ಅವಳು ಧಾನ್ಯದ ಗೋದಾಮಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತ ಹೆಂಗಸು. ನಾಲ್ಕನೆಯ ದಿನ ಸೊಸೆಯ ಸೊಂಟಕ್ಕೆ ಬಿಸಿ ಎಣ್ಣೆ ತಿಕ್ಕುತ್ತ ಕೂತಿದ್ದಾಗ ಬಾಯಿಬಿಟ್ಟಳು.

"ಭಾರ ಹೊರೋದು ನನ್ನ ಬೆನ್ನಿಗೇ ಮುಗೀಲಿ ಅಂತ ದೇವರಲ್ಲಿ ಬೇಡ್ಕೊಂಡಿದ್ದೆ ಕಣೇ. ನೀನು ನೋಡಿದ್ರೆ ಅದನ್ನೇ ಹುಡುಕ್ಕೊಂಡು ಹೋಗ್ತಿದ್ದೀಯ."

ಗುಬ್ಬಿ ಬೋರಲು ಮಲಗಿದ್ದಲ್ಲಿಂದಲೇ ಹೇಳಿದಳು: "ಅತ್ತೆ, ಏಳನೇ ಊರಲ್ಲಿ ಒಬ್ಬರು ಅಮ್ಮ ಇದ್ದಾರೆ. ಸಕ್ಕರೆ ಕಾಯಿಲೆ. ಅವರ ಸೂಜಿಮದ್ದು ತಣ್ಣಗಿರಬೇಕು. ಅವರ ಮನೇಲಿ ಫ್ರಿಜ್ ಇಲ್ಲ. ತಿಂಗಳ ಮದ್ದು ಒಟ್ಟಿಗೆ ಕೊಟ್ರೆ ಎಲ್ಲಿಡ್ತಾರೆ? ಒಂಬತ್ತು ವರ್ಷ ಅವರ ಹೆಸರು ಬರೆದಿದೀನಿ. ಅದನ್ನ ನಾನೇ ಹೊಡೆದುಹಾಕ್ಲಾ?"

ಅತ್ತೆ ಇನ್ನಷ್ಟು ಎಣ್ಣೆ ಸುರಿದು ತಿಕ್ಕಿದಳು. ಎಣ್ಣೆಯ ಬಟ್ಟಲು ಎತ್ತಿಡುವಾಗ, ನಿನ್ನ ಎಮ್ಮೆಯನ್ನು ನಾಳೆ ಇಲ್ಲಿಗೆ ಕರೆಸು, ಅದರ ಮುಖ ನೋಡೋಣ ಎಂದಷ್ಟೇ ಹೇಳಿದಳು.

ಮರುದಿನ ಸವಾರಣ್ಣ ಗಾಡಿಯನ್ನು ತಳ್ಳಿಸಿಕೊಂಡು ಓಣಿಗೆ ತಂದು, ಗೇರಿನಲ್ಲಿಟ್ಟು, ಬಲಮಗ್ಗುಲಿಗೆ ಮಲಗಿಸಿದ. ಗೇರಿನಲ್ಲಿದ್ದರೆ ಎತ್ತುವಾಗ ಚಕ್ರ ಉರುಳುವುದಿಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು ಅದರ ಸುತ್ತ ಒಂದು ಸುತ್ತು ಬಂದಳು. ಗುಬ್ಬಿ ಎದುರಾಗಿ ಬಗ್ಗಿದ್ದೇ ತಡ, ಅವಳ ಭುಜಕ್ಕೊಂದು ಏಟು ಬಿತ್ತು.

"ಭಾರಕ್ಕೆ ಎದೆ ಕೊಡಬಾರದು. ಬೆನ್ನು ಕೊಡು. ತಿರುಗು ಆ ಕಡೆ."

ಗುಬ್ಬಿ ಎಮ್ಮೆಗೆ ಬೆನ್ನು ಮಾಡಿದಳು. ಸೀಟಿನ ಅಂಚಿಗೆ ಸೊಂಟದ ಕೆಳಭಾಗವನ್ನು ಆನಿಸಿ ಕುಕ್ಕರಿಸಿದಳು. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಹಿಂದಿನ ಕಂಬಿಗೆ. ಕೈಗೆ ಹಿಡಿದುಕೊಳ್ಳುವುದಷ್ಟೇ ಕೆಲಸ, ಎತ್ತುವುದು ತೊಡೆ ಎಂದಳು ಅತ್ತೆ. ಆಕಾಶ ನೋಡುತ್ತ, ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಹಿಂದಕ್ಕೆ ನಡಿ, ಅವಸರ ಬೇಡ.

ಎಮ್ಮೆ ಎದ್ದಿತು. ಸವಾರಣ್ಣನಿಗೇ ನಂಬಿಕೆ ಬಾರದಷ್ಟು ಸಲೀಸಾಗಿ ಎದ್ದಿತು. ಗುಬ್ಬಿಗೆ ಎಷ್ಟು ಹಿಗ್ಗಾಯಿತೆಂದರೆ, ತಳ್ಳುವುದನ್ನು ನಿಲ್ಲಿಸಲು ಮರೆತಳು. ಆಚೆ ಮಗ್ಗುಲಿನ ಸ್ಟ್ಯಾಂಡನ್ನು ಮೊದಲೇ ಎಳೆದಿಡಬೇಕೆಂಬುದು ಸವಾರಣ್ಣನಿಗೂ ನೆನಪಾಗಲಿಲ್ಲ. ಎಮ್ಮೆ ನೆಟ್ಟಗಾಗಿ, ಹಾಗೆಯೇ ಆ ಕಡೆಗೆ ವಾಲಿ, ಎದುರುಮನೆ ಮೇಷ್ಟ್ರ ಹೂಕುಂಡಗಳ ಮೇಲೆ ಧಡಾರನೆ ಮಲಗಿತು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಹೊರಗೆ ಬಂದು, ಬಹಳ ಹೊತ್ತು ನೋಡಿ ಹೇಳಿದರು: "ಗಿಡಕ್ಕೆ ಗೊಬ್ಬರ ಬೇಕಿತ್ತು ನಿಜ. ಇಡೀ ಎಮ್ಮೆನೇ ಬೇಕು ಅಂದಿರಲಿಲ್ಲ."

ಗುಬ್ಬಿಗೆ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಅತ್ತೆ ಒಡೆದ ಕುಂಡದ ಮಣ್ಣನ್ನು ಬೊಗಸೆಯಲ್ಲಿ ಎತ್ತಿಡುತ್ತ, ಮೂಟೆ ಹೊರುವವರ ಮಾತೊಂದನ್ನು ಹೇಳಿದಳು. ಹೊಸದಾಗಿ ಬಂದವರು ಹೇಗೆ ಎತ್ತಲಿ ಎಂದು ನೋಡುತ್ತಾರಂತೆ. ಹಳಬರು ಎಲ್ಲಿ ಇಳಿಸಲಿ ಎಂದು ಮೊದಲು ನೋಡಿಕೊಂಡು ಆಮೇಲೆ ಎತ್ತುತ್ತಾರಂತೆ. ಅವಳು ಕೆಲಸಕ್ಕೆ ಸೇರಿದ ಮೊದಲ ದಿನವೇ ಮೂಟೆಯೊಂದನ್ನು ಹೊತ್ತುಕೊಂಡು, ಇಳಿಸುವ ಜಾಗ ಗೊತ್ತಿಲ್ಲದೆ ಗೋದಾಮನ್ನೆಲ್ಲ ಸುತ್ತಿದ್ದಳಂತೆ. ಇದನ್ನು ಹೇಳುವಾಗ ಅವಳೇ ನಕ್ಕಳು. ಐದು ದಿನಗಳಲ್ಲಿ ಅದೇ ಮೊದಲ ನಗು.

ಸಂಜೆಯವರೆಗೆ ಗುಬ್ಬಿ ಒಂಬತ್ತು ಸಲ ಎಮ್ಮೆಯನ್ನು ಎಬ್ಬಿಸಿದಳು. ಪ್ರತಿಸಲವೂ ಮೊದಲು ಸ್ಟ್ಯಾಂಡ್, ಆಮೇಲೆ ಬೆನ್ನು.

ಶನಿವಾರ ಬಂತು. ಉಗ್ರಾಣದವರೆಲ್ಲ ಮೆಟ್ಟಿಲ ಮೇಲೆ ಕೂತಿದ್ದರು. ಅತ್ತೆಯೂ ಬಂದು ಗೇಟಿನ ಹತ್ತಿರ ನಿಂತಿದ್ದಳು. ಮೇಸ್ತ್ರಿ ಎಮ್ಮೆಯನ್ನು ಎಡಮಗ್ಗುಲಿಗೆ ಮಲಗಿಸಿದ. ಸ್ಟ್ಯಾಂಡ್ ಇರುವುದು ಎಡಗಡೆ. ಅದೀಗ ಗಾಡಿಯ ಅಡಿಯಲ್ಲಿ ಸಿಕ್ಕಿಕೊಂಡಿತು. ಮೊದಲೇ ಎಳೆದಿಡುವ ದಾರಿಯೇ ಇಲ್ಲ. ಯಾವಾಗಲೂ ಬಲಕ್ಕೆ ಮಲಗಿಸುವುದಲ್ಲವೇ ಎಂದು ಸವಾರಣ್ಣ ತಕರಾರು ತೆಗೆದ. ಮೇಸ್ತ್ರಿ ಶಾಂತವಾಗಿಯೇ ಹೇಳಿದ: "ಯಾವ ಮಗ್ಗುಲಾಗ್ಬೇಕು ಅಂತ ಕೇಳಿ ಬೀಳಿಸುತ್ತಾ ಬೆಟ್ಟ?"

ಗುಬ್ಬಿ ಗೇಟಿನ ಕಡೆ ನೋಡಿದಳು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಳು. ಅವಳ ಮಾತು ನೆನಪಾಯಿತು: ಎಲ್ಲಿ ಇಳಿಸಲಿ ಎಂದು ಮೊದಲು ನೋಡು. ಗುಬ್ಬಿ ಎಮ್ಮೆಯ ಅಡಿಗೆ ಬಗ್ಗಿ ಸ್ಟ್ಯಾಂಡ್ ಎಲ್ಲಿದೆಯೆಂದು ಕಣ್ಣಿನಲ್ಲಿ ಅಳೆದುಕೊಂಡಳು. ಅದು ನಾನು ನಿಲ್ಲುವ ಕಡೆಗೇ ಬರುತ್ತದೆ, ನನ್ನ ಹಿಮ್ಮಡಿಗೆ ಸಿಗಬೇಕು ಎಂದುಕೊಂಡಳು. ಗಾಡಿ ಗೇರಿನಲ್ಲಿದೆಯೇ ಎಂದು ಮುಟ್ಟಿ ನೋಡಿದಳು. ದೇವರ ಮೇಲೆ ಭಾರ ಹಾಕಿ, ಎಮ್ಮೆಗೆ ಬೆನ್ನು ಕೊಟ್ಟಳು.

ಹೆಜ್ಜೆ, ಇನ್ನೊಂದು ಹೆಜ್ಜೆ. ತೊಡೆ ನಡುಗಿತು. ಎಮ್ಮೆ ಎದ್ದಿತು, ಮೊಣಕಾಲೆತ್ತರ, ಸೊಂಟದೆತ್ತರ. ನೆಟ್ಟಗಾಗುತ್ತಿದ್ದಂತೆ ಗುಬ್ಬಿ ತಳ್ಳುವುದನ್ನು ಬಿಟ್ಟಳು.

ಭಾರದ ವಸ್ತುಗಳಿಗೆಲ್ಲ ಅಂಥ ಒಂದು ಜಾಗ ಉಂಟು. ಅಲ್ಲಿ ಭಾರ ಈ ಕಡೆಯದೂ ಅಲ್ಲ, ಆ ಕಡೆಯದೂ ಅಲ್ಲ. ಇನ್ನೂರು ಕಿಲೋದ ಕಬ್ಬಿಣ ಅವಳ ಬೆನ್ನಿಗೆ ಒರಗಿದ ಮಗುವಿನಂತೆ ಸುಮ್ಮನೆ ನಿಂತಿತು. ಗುಬ್ಬಿಯೂ ಅಲುಗದೆ ನಿಂತಳು. ಅವಳ ಹಿಮ್ಮಡಿ ಮಾತ್ರ ಹಿಂದೆ ಮೆಲ್ಲಗೆ ತಡಕಾಡುತ್ತಿತ್ತು.

ನೋಡುವವರಿಗೆ ಅವಳು ಸಿಕ್ಕಿಬಿದ್ದಂತೆ ಕಂಡಿತು. ಮೇಸ್ತ್ರಿಯೇ ತಡೆಯಲಾರದೆ ಕೈ ಚಾಚಿ ಮುಂದೆ ಬಂದ. ಸವಾರಣ್ಣ ಅವನ ತೋಳು ಹಿಡಿದುಕೊಂಡ.

"ಮುಟ್ಟಬೇಡ ಮಾರಾಯ. ನೀನು ಮುಟ್ಟಿದ್ರೆ ಅವಳದ್ದು ಲೆಕ್ಕಕ್ಕಿಲ್ಲ."

ಟಕ್ಕೆಂದು ಸ್ಟ್ಯಾಂಡ್ ಬಿಚ್ಚಿತು. ಗುಬ್ಬಿ ಪಕ್ಕಕ್ಕೆ ಸರಿಯುತ್ತ ಎಮ್ಮೆಯನ್ನು ಅದರ ಮೇಲೆ ಒರಗಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ; ಎಲ್ಲರೂ ಬಿಗಿಹಿಡಿದ ಉಸಿರನ್ನು ಬಿಟ್ಟ ಸದ್ದಷ್ಟೇ ಕೇಳಿತು. ಮೇಸ್ತ್ರಿ ಜೇಬಿನಿಂದ ಬೀಗದ ಕೈ ತೆಗೆದು ಅಂಗಿಗೆ ಒರೆಸಿ ಅವಳಿಗೆ ಕೊಟ್ಟ. ಗೇಟಿನ ಹತ್ತಿರ ಅತ್ತೆ ಇರಲಿಲ್ಲ. ಮೇಷ್ಟ್ರಿಗೆ ಹೊಸ ಕುಂಡ ಕೊಂಡುಕೊಡಬೇಕೆಂದು ಆಗಲೇ ಹೊರಟುಹೋಗಿದ್ದಳು.

ಸೋಮವಾರ ಗುಬ್ಬಿ ಬೆಟ್ಟ ಹತ್ತಿದಳು. ಐದನೆಯ ಊರಿನವರೆಗೆ ಎಲ್ಲ ಸುಸೂತ್ರ. ಆರನೆಯದು ದಾಟಿದ ಮೇಲೆ ಜಲ್ಲಿಕಲ್ಲಿನ ತಿರುವಿನಲ್ಲಿ ಒಂದು ಮೇಕೆ ಅಡ್ಡ ಬಂತು. ಕಣ್ಣು ಮೇಕೆಯ ಮೇಲೆ ಹೋಯಿತು, ಕೈ ಮುಂದಿನ ಬ್ರೇಕಿನ ಮೇಲೆ ಹೋಯಿತು, ಎಮ್ಮೆ ಮಲಗಿತು. ಹತ್ತಿಯ ತೇಪೆ ಮೊಣಕಾಲನ್ನು ಉಳಿಸಿತು. ಸುತ್ತಮುತ್ತ ಗಾಳಿಯ ಹೊರತು ಏನಿಲ್ಲ. ಗುಬ್ಬಿ ಮೊದಲು ಪೆಟ್ಟಿಗೆ ಬಿಚ್ಚಿ ನೆರಳಿನಲ್ಲಿಟ್ಟಳು. ಎಮ್ಮೆ ಬಿದ್ದಿದ್ದು ಬಲಮಗ್ಗುಲಿಗೆ. ದೇವರು ದೊಡ್ಡವನು ಎಂದುಕೊಂಡು ಸ್ಟ್ಯಾಂಡ್ ಎಳೆದಿಟ್ಟು, ತಿರುಗಿ ಕುಕ್ಕರಿಸಿದಳು.

ಏಳನೆಯ ಊರಿನ ಕೊನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಹಣ್ಣುಹಣ್ಣು ಮುದುಕಿ ದಾರಿಯನ್ನೇ ನೋಡುತ್ತ ಕೂತಿದ್ದಳು. ಒಂಬತ್ತು ವರ್ಷ ಬರೆದ ಹೆಸರಿಗೆ ಗುಬ್ಬಿ ಮೊದಲ ಸಲ ಮುಖ ಕಂಡಳು. ಪೊಟ್ಟಣವನ್ನು ಕೈಗಿಟ್ಟಳು. ಅದಿನ್ನೂ ತಣ್ಣಗಿತ್ತು.

ಮುದುಕಿ ಅವಳ ಧೂಳು ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಯಾಕವ್ವ ಇಷ್ಟು ತಡ?"

"ದಾರೀಲಿ ಎಮ್ಮೆ ಮಲಗಿಬಿಡ್ತು ಅಜ್ಜಿ," ಎಂದಳು ಗುಬ್ಬಿ. "ಎಬ್ಬಿಸ್ಕೊಂಡು ಬಂದೆ."