ಹಾಲು ಬಿಡಿಸಿದ ಪರೀಕ್ಷೆ

ಹೊಳೆನರಸೀಪುರದಲ್ಲಿ ರೈಲು ಹತ್ತಿ ಕೂತರೆ ಸಾಕು, ಯಶೋಧರಾಗೆ ನಿದ್ದೆ ಹಿಡಿದುಬಿಡುತ್ತಿತ್ತು. ಓದುತ್ತಾ ಹೋಗೋಣವೆಂದು ಪುಸ್ತಕ ತೆರೆದಿಟ್ಟುಕೊಳ್ಳುವುದೇನೋ ನಿಜ. ಒಂದು ಪುಟ ತಿರುವುವಷ್ಟರಲ್ಲಿ ತಲೆ ಕಿಟಕಿಯ ಸರಳಿಗೆ ವಾಲಿರುತ್ತಿತ್ತು. ಹಾಸನ ಬಂದಾಗ ಯಾರಾದರೂ ಪುಣ್ಯಾತ್ಗಿತ್ತಿ ಭುಜ ಅಲ್ಲಾಡಿಸಿ, "ಇಳ್ಯಾಕಿಲ್ವೇನವ್ವಾ?" ಎಂದರೆ ಗಡಬಡಿಸಿ ಏಳುವುದು. ಎರಡು ಮಕ್ಕಳ ತಾಯಿಗೆ ಎಂ.ಎ. ಓದುವ ಹುಚ್ಚು ಹಿಡಿದರೆ ನೆಮ್ಮದಿಯ ಹಾಸಿಗೆ ಇನ್ನೆಲ್ಲಿ ಸಿಗಬೇಕು?

ಆ ಚಿಕ್ಕ ನಿದ್ದೆಯಲ್ಲೂ ಕನಸು ಬೀಳುತ್ತಿತ್ತು. ಓದುತ್ತಿದ್ದದ್ದು ಇತಿಹಾಸ, ಹಾಗಾಗಿ ಕನಸಿಗೂ ಸಿಲಬಸ್ಸೇ. ಒಂದು ದೊಡ್ಡ ಮನೆ. ಒಳಗೆ ಮಲಗಿದ ಕೂಸು. ಹೊರಗೆ ಇನ್ನೂ ಬೆಳಕಾಗದ ಬೆಳಗು, ಎಲ್ಲೋ ಹರಿಯುವ ಹೊಳೆಯ ಸದ್ದು. ಹೊಸ್ತಿಲ ಮೇಲೆ, ದಾಟಲೆಂದು ಎತ್ತಿದ ಒಂದು ಪಾದ. ಬುದ್ಧನ ಕತೆ ಅವರ ಮನೆಯಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು: ಹೊರಟವರು ಯಾರು, ಮಲಗಿದ್ದವರು ಯಾರು ಎಂದು. ಆದರೆ ಈ ಕನಸಿನಲ್ಲಿ ಎತ್ತಿದ ಪಾದಕ್ಕೆ ಕಾಲುಂಗುರವಿರುತ್ತಿತ್ತು. ಅದು ಅವಳದೇ ಪಾದ. ದಾಟಿದಳೋ ಇಲ್ಲವೋ ತಿಳಿಯುವ ಮೊದಲೇ ಹಾಸನ ಬಂದುಬಿಡುತ್ತಿತ್ತು.

ಮನೆ ಹಳೇಕೋಟೆ ಹತ್ತಿರದ ಹಳ್ಳಿಯಲ್ಲಿ. ಗಂಡ ನಾಗೇಶ್ ಲೈನ್‌ಮ್ಯಾನ್. ಮಗಳು ತೇಜಶ್ರೀ ಒಂದನೇ ಕ್ಲಾಸಿಗೆ ಹೋಗುತ್ತಿದ್ದಳು. ಮಗ ಹುಟ್ಟಿದಾಗ, "ತಾಯಿ ಯಶೋಧರೆ ಅಂದ್ಮ್ಯಾಕೆ ಮಗ ಇನ್ನೇನು, ರಾಹುಲನೇ ಕಣ" ಎಂದು ಊರ ಹಿರಿಯರೆಲ್ಲ ಸೇರಿ ಹೆಸರಿಟ್ಟಿದ್ದರು. ಈ ರಾಹುಲನಿಗೆ ಎರಡು ತುಂಬುತ್ತಾ ಬಂದಿತ್ತು. ಬಾಯ ತುಂಬ ಹಲ್ಲು, ಕಾಲಲ್ಲಿ ಕುದುರೆ ಓಟ, ಆದರೂ ತಾಯಿ ಹಾಲು ಮಾತ್ರ ಬಿಡಲೊಲ್ಲ. ಅವಳು ಪುಸ್ತಕ ಹಿಡಿದರೆ ಎಲ್ಲಿದ್ದರೂ ಬಂದು ಸೆರಗೊಳಗೆ ನುಗ್ಗುತ್ತಿದ್ದ. ಅವನು ಕುಡಿಯುತ್ತಾ ಮಲಗುತ್ತಿದ್ದ, ಅವಳು ಓದುತ್ತಾ ಮಲಗುತ್ತಿದ್ದಳು. ಹೋದ ಸೆಮಿಸ್ಟರಿನಲ್ಲಿ ಒಂದು ಪೇಪರ್ ಉಳಿದದ್ದು ಹೀಗೇ.

ಈ ಸಲವೂ ಉಳಿದರೆ ಓದಿಗೆ ಕೈಮುಗಿಯುವುದೇ ಸರಿ ಎಂದು ಅವಳು ತೀರ್ಮಾನಿಸಿದ್ದಳು. ಮನೆಯಲ್ಲಿ ಯಾರೂ ಓದು ಬಿಡೆಂದು ಹೇಳಿರಲಿಲ್ಲ. ಹೇಳಿದ್ದರೆ ಹಟ ಹಿಡಿದಾದರೂ ಓದುತ್ತಿದ್ದಳೋ ಏನೋ.

ಮೊಲೆ ಬಿಡಿಸುವ ಮಾತು ತೆಗೆದವರು ಅತ್ತೆ ಸುಬ್ಬಮ್ಮ. ಹಿತ್ತಲ ಬೇವಿನ ಚಿಗುರು ಕಿತ್ತು, ಕಲ್ಲಿನ ಮೇಲೆ ನುಣ್ಣಗೆ ಅರೆದು, "ಅಚ್ಕೊ, ಒಂದ್ ದಪ ನಾಲ್ಗೆಗೆ ಸೋಕಿದ್ರೆ ಸಾಕು, ಮತ್ತೆ ತಿರುಗ್ ನೋಡಿದ್ರೆ ಕೇಳು" ಎಂದರು. ಊರಿನ ಮಕ್ಕಳೆಲ್ಲ ಹೀಗೇ ಹಾಲು ಬಿಟ್ಟವರು. ರಾಹುಲ ಬಾಯಿ ಹಾಕಿದ, ಮುಖ ಕಿವುಚಿದ, "ಥೂ" ಎಂದ. ಆಮೇಲೆ ಅವಳ ಸೆರಗಿನಲ್ಲೇ ಬೇವನ್ನು ಚೊಕ್ಕವಾಗಿ ಒರೆಸಿ, ಏನೂ ಆಗದವನಂತೆ ಕುಡಿಯತೊಡಗಿದ. ಮಾರನೆಯ ದಿನ ಒರೆಸುವ ಗೋಜಿಗೂ ಹೋಗಲಿಲ್ಲ.

"ಇವ್ನೇನು ಆಡಿನ್ ಮರಿಯಾ? ಬೇವಿನ್ ಸೊಪ್ಪೂ ಬುಡಾಕಿಲ್ವಲ್ಲ!" ಸುಬ್ಬಮ್ಮ ಗದ್ದಕ್ಕೆ ಕೈ ಹಚ್ಚಿದರು. ನಕ್ಕು ಸುಸ್ತಾದ ಮೇಲೆ ಗಂಭೀರವಾದರು. "ಇಂಗೇ ಆದ್ರೆ ನಿನ್ ಓದು ಆದಂಗೇ. ನಿಮ್ಮವ್ವನ್ ಮನೇಗ್ ಬುಟ್ಬುಟ್ ಬಾ. ಪರೀಕ್ಸೆ ಮುಗಿಯಾಗಂಟ ಮಕ ತೋರಿಸ್ಬ್ಯಾಡ. ಮಕ ಕಂಡ್ರೆ ಮತ್ತೆ ಸುರು ಅಚ್ಕತಾನೆ."

"ಅಷ್ಟ್ ದಿನ ನನ್ನ ಮರ್ತ್ಬುಟ್ರೆ, ಅತ್ತೆ?"

"ಮರೀಲಿ ಅಂತಲೇ ಅಲ್ವೇನವ್ವಾ ಕಳ್ಸೋದು" ಎಂದರು ಸುಬ್ಬಮ್ಮ. ಹೇಳಿದ ಮೇಲೆ ಅವರಿಗೂ ಕೆಡುಕೆನಿಸಿರಬೇಕು, ಸೊಸೆಯ ಬೆನ್ನು ಸವರಿದರು.

ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿಯ ತವರಿಗೆ ಮಗನನ್ನು ಬಿಟ್ಟು, ಅವನು ಕೋಳಿ ಅಟ್ಟಿಸಿಕೊಂಡು ಹೋದ ಸಮಯ ನೋಡಿ ಹಿತ್ತಲ ಬಾಗಿಲಿಂದ ಕಳ್ಳಿಯ ಹಾಗೆ ಹೊರಬಿದ್ದಳು ಯಶೋಧರಾ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಬೇಡಿಕೊಂಡಳು: ಮಗ ಹಾಲು ಬಿಡಲಿ, ನನ್ನನ್ನು ಬಿಡದಿರಲಿ. ಎರಡನ್ನೂ ಕೇಳುವುದು ದುರಾಸೆಯೇನೋ ಎಂದೂ ಅನ್ನಿಸಿತು.

ಮನೆಯಲ್ಲಿ ಈಗ ಓದುವುದಕ್ಕೆ ಬೇಕಾದಷ್ಟು ಹೊತ್ತು. ತೇಜಶ್ರೀಯ ಜಡೆ ನಾಗೇಶನ ಪಾಲಿಗೆ ಬಂತು. ಹೆಣೆಯಲು ಬಾರದೆ ಕರೆಂಟಿನ ತಂತಿ ಸುತ್ತಿದ ಹಾಗೆ ಸುತ್ತಿ ಕಳಿಸುತ್ತಿದ್ದ. ಅಷ್ಟೆಲ್ಲ ಬಿಡುವಿದ್ದರೂ ಅಕ್ಷರಗಳು ಕಣ್ಣ ಮುಂದೆ ತೇಲಿ ಹೋಗುತ್ತಿದ್ದವು. ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿ ಜ್ವರ ಬಂದಂತಾಗುತ್ತಿತ್ತು. ಫೋನು ಮಾಡಿದರೆ ಅವ್ವ ಜಯಲಕ್ಷ್ಮಮ್ಮ ಬೈಯುತ್ತಿದ್ದಳು: "ನಿನ್ ದನಿ ಕೇಳಿಸ್ಬ್ಯಾಡ ಕಣೇ. ಉಣ್ತಾವ್ನೆ, ಆಡ್ತಾವ್ನೆ. ನೀನ್ ಓದ್ಕೊ." ಉಣ್ಣುತ್ತಿದ್ದಾನೆ, ಆಡುತ್ತಿದ್ದಾನೆ. ಹಾಗಾದರೆ ಅಳುತ್ತಿಲ್ಲವೇ? ಅದನ್ನು ಕೇಳಲು ಬಾಯಿ ಬರುತ್ತಿರಲಿಲ್ಲ.

ಕಡೆಯ ಪರೀಕ್ಷೆ ಉಳಿದಿದ್ದ ಆ ಪೇಪರಿನದೇ. ಅರ್ಧ ಬರೆದಿದ್ದಳು, ಕಿಟಕಿಯಾಚೆ ಮರದ ನೆರಳಿನಲ್ಲಿ ಯಾರದೋ ಕೂಸು ಅತ್ತಿತು. ಯಾರದಾದರೇನು? ಎದೆಗೆ ನಿನ್ನದು ನನ್ನದು ಗೊತ್ತಾಗುತ್ತದೆಯೇ? ಹಾಲು ಒಸರಿ ರವಿಕೆ ನೆನೆಯಿತು. ಕೋಣೆ ರೈಲಿನಂತೆ ಮೆಲ್ಲಗೆ ತೂಗಿತು. ಹೊಳೆಯ ಸದ್ದು ಕೇಳಿತು, ಹೊಸ್ತಿಲು ಕಂಡಿತು. ಎದ್ದು ಹೋಗಿಬಿಡಲೇ ಎನ್ನಿಸಿ, ಪೆನ್ನು ಕೆಳಗಿಟ್ಟಳು.

ಹೆಗಲ ಮೇಲೆ ಮೆತ್ತಗೆ ಒಂದು ಶಾಲು ಬಿತ್ತು. ಕೋಣೆಯ ಮೇಲ್ವಿಚಾರಕಿ ಆಶಾರಾಣಿ ಮೇಡಂ ತಾವು ಹೊದ್ದಿದ್ದನ್ನೇ ತೆಗೆದು ಹೊದಿಸಿದ್ದರು. ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ, "ಬರೀರಿ, ಇನ್ನೂ ಟೈಮಿದೆ" ಎಂದರು. ಯಶೋಧರಾ ಶಾಲು ಎಳೆದುಕೊಂಡು ಬರೆದಳು. ಹೊರಗೆ ಕೂಸು ಅಳುತ್ತಲೇ ಇತ್ತು, ಒಳಗೆ ಇವಳು ಬರೆಯುತ್ತಲೇ ಇದ್ದಳು. ಕೊನೆಯ ಉತ್ತರಕ್ಕೆ ಚುಕ್ಕೆ ಇಟ್ಟಾಗ ಹೊಸ್ತಿಲು ದಾಟಿದ್ದಾಗಿತ್ತು. ಪಾಸಾಗುವುದರಲ್ಲಿ ಅವಳಿಗೆ ಅನುಮಾನ ಉಳಿಯಲಿಲ್ಲ.

ಅಲ್ಲಿಂದ ನೇರ ದಂಡಿಗನಹಳ್ಳಿಗೆ ಹೊರಟಳು. ಆವತ್ತು ಬಸ್ಸಿನಲ್ಲಿ ನಿದ್ದೆ ಹತ್ತಿರವೂ ಸುಳಿಯಲಿಲ್ಲ. ಅವನು ಓಡಿ ಬಂದು ಸೆರಗಿಗೆ ಕೈ ಹಾಕಿದರೆ ಹೇಗೆ ಬೇಡವೆನ್ನುವುದು? "ಬ್ಯಾಡ ಕಂದ, ನೀನು ದೊಡ್ಡೋನಾದೆ" ಎನ್ನಬೇಕು. ಅತ್ತರೂ ಕರಗಬಾರದು. ದಾರಿಯುದ್ದಕ್ಕೂ ಅದೇ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡಳು.

ಇಳಿಬಿಸಿಲಿನ ಜಗಲಿಯಲ್ಲಿ ರಾಹುಲ ಅಜ್ಜಿಯ ಪಕ್ಕ ಕೂತು ಬೇಯಿಸಿದ ಗೆಣಸು ತಿನ್ನುತ್ತಿದ್ದ. ತಾಯಿಯನ್ನು ನೋಡಿದ. ಓಡಿ ಬರಲಿಲ್ಲ. ಊರಿಗೆ ಬಂದ ನೆಂಟರನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿದ. ಯಶೋಧರಾ ಜಗಲಿಯ ತುದಿಯಲ್ಲಿ ಕೂತಳು, ಕರೆಯಲು ಧೈರ್ಯ ಸಾಲಲಿಲ್ಲ. ಆಮೇಲೆ ಅವನಾಗಿ ಎದ್ದು ಬಂದು ಅವಳ ಮಡಿಲಲ್ಲಿ ಕೂತ. ಅವಳ ಎದೆಗೆ ಬೆನ್ನು ಕೊಟ್ಟು, ಬೀದಿಗೆ ಮುಖ ಮಾಡಿ, ಗೆಣಸು ತಿನ್ನುತ್ತಾ ಕೂತ.

"ಬುಟ್ಬುಟ್ಟ ಕಣೇ" ಎಂದಳು ಜಯಲಕ್ಷ್ಮಮ್ಮ. "ಗೆದ್ದೆ ನೀನು."

ಹಾಲು ಕೇಳೋ ಮಗನೇ, ಒಂದು ಸಲ ಕೇಳು, ನಾನು ಬೇಡ ಅನ್ನುವುದಕ್ಕಾದರೂ ಕೇಳು ಎಂದು ಒಳಗೇ ಒದ್ದಾಡಿದಳು ಯಶೋಧರಾ. ಅವನು ಕೇಳಲಿಲ್ಲ. ಅವಳ ಕಣ್ಣೀರು ಅವನ ನೆತ್ತಿಯ ಮೇಲೆ ಬಿತ್ತು.

ರಾಹುಲ ತಲೆ ಮುಟ್ಟಿ ನೋಡಿಕೊಂಡ, ಹಿಂದಕ್ಕೆ ತಿರುಗಿದ. ಅವಳ ಮುಖವನ್ನೇ ನೋಡುತ್ತಾ ಬಾಯಲ್ಲಿದ್ದುದನ್ನು ನುಂಗಿದ. ಕೈಯಲ್ಲಿದ್ದ ಗೆಣಸಿನಿಂದ ಒಂದು ಚೂರು ಮುರಿದು, "ಅವ್ವ, ಆ ಮಾಡು" ಎಂದ.

ಅವಳು ಬಾಯಿ ತೆರೆದಳು.