ಹನ್ನೊಂದನೆಯವಳು

ಹೊಲಿಗೆ ಯಂತ್ರ ರಿಪೇರಿ ಮಾಡುವವಳಿಗೆ ಅಂಗಡಿಯಲ್ಲಿ ಜೊತೆಗೆಂದು ಇದ್ದದ್ದು ಗುಂಡಿ ಪೋಣಿಸುತ್ತ ಕೂರುವ ಅತ್ತೆ, ಮತ್ತೆ ಕಂಪ್ಯೂಟರಿನೊಳಗಿನ ಬಳಗ. ಬಳಗವೆಂದರೆ ಊರೂರಿನ ಮೆಕ್ಯಾನಿಕ್‌ಗಳು. ಹಳೆಯ ಯಂತ್ರಗಳ ಕೈಪಿಡಿಗಳನ್ನು ತಂತಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡು, ಕೇಳಿದವರಿಗೆ ನೇರವಾಗಿ ಕಳಿಸುತ್ತಿದ್ದರು. ನಡುವೆ ದೊಡ್ಡ ಕಂಪ್ಯೂಟರೂ ಇಲ್ಲ, ಹೇಳುವ ಕೇಳುವ ಯಜಮಾನನೂ ಇಲ್ಲ. ‘ಇವರನ್ನು ನಂಬಬಹುದು’ ಎಂದು ಒಬ್ಬರ ಬಗ್ಗೆ ಇನ್ನೊಬ್ಬರು ಬರೆದರೆ ಅದೇ ದೊಡ್ಡ ಸರ್ಟಿಫಿಕೇಟು. ಅಂಥವರಿಗೇ ಅಪರೂಪದ ಕೈಪಿಡಿಗಳು ಸಿಗುತ್ತಿದ್ದವು.

ಒಂದು ದಿನ ‘ಸೂಜಿರಾಯ’ ಎಂಬ ಹೊಸಬ ಸೇರಿಕೊಂಡ. ವಾರದೊಳಗೆ ಹತ್ತು ಜನ ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು. ಇಷ್ಟು ಜನ ಹೇಳಿದ ಮೇಲೆ ಇನ್ನೇನು ಎಂದು ಇವಳೂ ಒಂದು ಸಾಲು ಬರೆದಳು.

ಅವನು ಕಳಿಸಿದ ನಕ್ಷೆಯಂತೆ ಯಂತ್ರ ಜೋಡಿಸಿ ಪೆಡಲ್ ಒತ್ತಿದಳು. ಸೂಜಿ ಮೂರು ತುಂಡು, ಚಕ್ರದ ಹಲ್ಲು ಚೆಲ್ಲಾಪಿಲ್ಲಿ! ಅಷ್ಟರಲ್ಲೇ ಬಳಗದಲ್ಲಿದ್ದ, ಚರ್ಮದ ಚೀಲ ಹೊಲಿಯುವವನೊಬ್ಬನ ಸಂದೇಶ ಬಂತು: “ನಂದೂ ಯಂತ್ರ ಕೆಟ್ಟೋಯ್ತು. ನೀವು ಹೇಳಿದ್ರಿ ಅಂತ ನಂಬಿದ್ದೆ.”

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಅತ್ತೆ ಕನ್ನಡಕ ಏರಿಸಿಕೊಂಡು ಆ ಹೊಗಳಿಕೆಗಳನ್ನೆಲ್ಲ ಓದಿದರು. “ಏನೇ ಇದು, ಹತ್ತು ಜನಾನೂ ‘ವಿಶ್ವಾಸ’ಕ್ಕೆ ‘ವಿಸ್ವಾಸ’ ಅಂತ ಬರೆದಿದಾರೆ?”

ಸೊಸೆ ಬಗ್ಗಿ ನೋಡಿದಳು. ನಿಜ. “ಅಯ್ಯೋ, ಒಬ್ನೇ ಹತ್ತು ಮುಖವಾಡ ಹಾಕ್ಕೊಂಡು ತನ್ನ ಬೆನ್ನು ತಾನೇ ತಟ್ಕೊಂಡಿದಾನೆ!”

“ನಿನ್ನ ಸಾಲು ಸುಮ್ನೆ ಅಳಿಸಿಬಿಡು. ಯಾರು ನೋಡ್ತಾರೆ?”

“ಅಳಿಸಿದ್ರೆ ಚೀಲದವನ ಯಂತ್ರ ಸರಿಹೋಗುತ್ತಾ ಅತ್ತೆ?” ಎಂದವಳೇ ಬಳಗಕ್ಕೆಲ್ಲ ಬರೆದಳು: “ಈ ಹತ್ತೂ ಜನ ಒಬ್ಬನೇ. ಅವನಿಂದ ಒಂದು ಹಾಳೆಯನ್ನೂ ತರಿಸಿ ನೋಡದೆ ನಾನು ಹನ್ನೊಂದನೆಯವಳಾದೆ. ತಪ್ಪು ನನ್ನದು.”

ಸೂಜಿರಾಯ ಹತ್ತೂ ಮುಖವಾಡಗಳೊಂದಿಗೆ ಪೇರಿ ಕಿತ್ತ. ಆದರೆ ಬಳಗದ ಅರ್ಧದಷ್ಟು ಮಂದಿ ಇವಳ ಮೇಲಿಟ್ಟ ನಂಬಿಕೆಯನ್ನೂ ಹಿಂತೆಗೆದುಕೊಂಡರು. ತಿಂಗಳುಗಟ್ಟಲೆ ಯಾರೂ ಇವಳಲ್ಲಿ ಒಂದು ಹಾಳೆಯನ್ನೂ ಕೇಳಲಿಲ್ಲ. ಇವಳು ಮಾತ್ರ ತನ್ನಲ್ಲಿದ್ದ ಒಂದೊಂದು ನಕ್ಷೆಯನ್ನೂ ಯಂತ್ರಕ್ಕೆ ಹಚ್ಚಿ ನೋಡಿ, ಓಡುವ ಯಂತ್ರದ ಚಿತ್ರವನ್ನೂ ಜೊತೆಗಿಟ್ಟಳು.

ಕೊನೆಗೆ ಚೀಲದವನೇ ಕೇಳಿದ: “ಒಂದೇ ಒಂದು ಹಾಳೆ ಕಳ್ಸಿ. ನೋಡ್ತೀನಿ.”

ಕಳಿಸಿದಳು. ಮರುದಿನ ಎರಡು ಕೇಳಿದ. ಆಮೇಲೆ ಹತ್ತು. ಒಂದು ಮಧ್ಯಾಹ್ನ ಮುನ್ನೂರು ಪುಟದ ಇಡೀ ಕೈಪಿಡಿಯನ್ನೇ ಕೇಳಿದಾಗ ಅವಳ ಕಣ್ಣು ಮಂಜಾಯಿತು. ಅಂಗಡಿಯ ಇಂಟರ್‌ನೆಟ್ಟನ್ನೆಲ್ಲ ನುಂಗಿಕೊಂಡು ಕೈಪಿಡಿ ಆಮೆಯಂತೆ ತೆವಳುತ್ತ ಹೊರಟಿತು.

“ಇನ್ನೂ ಎಷ್ಟು ಹೊತ್ತೇ?” ಒಳಗಿನಿಂದ ಅತ್ತೆ ಕೂಗಿದರು. “ಮೊಬೈಲಲ್ಲಿ ನನ್ನ ಧಾರಾವಾಹಿ ಗಿರಗಿರ ಸುತ್ತುತ್ತಾ ನಿಂತಿದೆ!”

“ಇನ್ನೂರ ನಲವತ್ತು ಪುಟ ಬಾಕಿ ಇದೆ ಅತ್ತೆ,” ಎಂದು ಅವಳು ನಕ್ಕಳು.