ಗೆರೆ ಎರಡಾಗುವುದು

ಪ್ರಯೋಗಾಲಯದಿಂದ ಬಂದ ಮೂವರು ಸಾವಿನ ಮನೆಯ ಬಾಗಿಲಲ್ಲೇ ನಿಂತು ವಾಚು, ಫೋನು, ಬೀಗದ ಕೈ ಎಲ್ಲವನ್ನೂ ತೆಗೆದು ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದರು. ವರ್ಷಗಟ್ಟಲೆ ಅವರು ಪ್ರಯೋಗಾಲಯದಲ್ಲಿ ಸತ್ತವನ ಕೋಣೆಗೆ ಹೋದದ್ದೇ ಹಾಗೆ. ಅಲ್ಲಿದ್ದ ದೈತ್ಯ ಆಯಸ್ಕಾಂತ ಕಬ್ಬಿಣವನ್ನು ಕಂಡರೆ ಬಿಡುತ್ತಿರಲಿಲ್ಲ. ಇಲ್ಲಿರುವುದು ಅವನ ಶವ ಮಾತ್ರ ಎಂದು ಒಬ್ಬನಿಗೆ ಹೊಳೆಯಿತು. ಆದರೂ ತೆಗೆದದ್ದನ್ನು ಯಾರೂ ಮತ್ತೆ ಹಾಕಿಕೊಳ್ಳಲಿಲ್ಲ.

ಶವದ ಪಕ್ಕ ಅದೇ ಮುಖದ ಇನ್ನೊಬ್ಬ ಕೂತಿದ್ದ, ಅವಳಿ ತಮ್ಮ. ಅವನನ್ನು ಕಂಡು ಬಂದವರೆಲ್ಲ ಕಕ್ಕಾಬಿಕ್ಕಿಯಾಗುತ್ತಿದ್ದರು. ಅಣ್ಣ ಎಡಚ, ತಮ್ಮನದು ಬಲಗೈ ಎನ್ನುವುದು ಬಿಟ್ಟರೆ ಇಬ್ಬರದೂ ಒಂದೇ ಅಚ್ಚು.

ಅತ್ತಿಗೆ ಅವನನ್ನು ಅಡುಗೆಮನೆಗೆ ಕರೆದಳು. ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ತಾಯಿ ಬೆಳಗಿನಿಂದ ದೊಡ್ಡವನನ್ನೇ ಕೇಳುತ್ತಿದ್ದಳು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಆ ಜೀವವೂ ಉಳಿಯುವುದಿಲ್ಲ ಎಂದು ಅತ್ತಿಗೆಗೆ ದಿಗಿಲು.

"ಇವತ್ತೊಂದಿನ ನೀನೇ ಅವರಾಗಿ ಹೋಗಿ ಕೂತ್ಕೋ. ದನಿನೂ ಒಂದೇ ಅಲ್ವಾ."

ಹೆತ್ತವಳಿಗೆ ಇಂಥ ಸುಳ್ಳು ಹೇಳುವುದು ಸಣ್ಣ ಕೆಲಸವಲ್ಲ. ಆದರೂ ಅವನು ಒಳಕೋಣೆಯ ಕಡೆ ನಡೆದ.

*

ದಿನವಿಡೀ ಪರದೆಯ ಮೇಲೆ ಆಯಸ್ಕಾಂತದ ಯಂತ್ರ ಬಿಡಿಸುವ ಗೆರೆ ನೋಡುವುದೂ ಒಂದು ಕೆಲಸವೇ ಎಂದು ಅವನೊಮ್ಮೆ ಅಣ್ಣನನ್ನು ರೇಗಿಸಿದ್ದ. ಅಣ್ಣ ನಕ್ಕು ತನ್ನೆರಡು ಅಂಗೈಗಳನ್ನು ಎದುರುಬದುರು ಹಿಡಿದಿದ್ದ. ಔಷಧದ ಅಣುವಿಗೂ ಹೀಗೆ ಕನ್ನಡಿಯೊಳಗಿನ ಜೋಡಿ ಇರುತ್ತದಂತೆ. ರೋಗವನ್ನು ಒಂದು ವಾಸಿ ಮಾಡಿದರೆ ಇನ್ನೊಂದು ವಿಷವಾಗಲೂಬಹುದು.

"ಆಯಸ್ಕಾಂತಕ್ಕೂ ಇಬ್ರೂ ಒಂದೇ ಕಣೋ, ಒಂದೇ ಗೆರೆ ಬರುತ್ತೆ. ತಾನೂ ಎಡಗೈಯೋ ಬಲಗೈಯೋ ಆಗಿರೋ ಮೂರನೇ ಅಣುವೊಂದನ್ನ ಬೆರೆಸ್ಬೇಕು. ಅದು ಇಬ್ರನ್ನೂ ಹಿಡ್ಕೊಳ್ಳುತ್ತೆ, ಆದ್ರೆ ಒಂದೇ ಥರ ಹಿಡಿಯಲ್ಲ. ಆಗ ಗೆರೆ ಎರಡಾಗುತ್ತೆ."

ಇಷ್ಟಕ್ಕೆಲ್ಲ ಸಂಬಳ ಬೇರೆ ಕೊಡುತ್ತಾರಲ್ಲ ಎಂದಿದ್ದ ತಮ್ಮ.

*

ಅವನು ತಾಯಿಯ ಹಾಸಿಗೆಯ ಅಂಚಿನಲ್ಲಿ ಕೂತ. ನೆನಪಿಟ್ಟುಕೊಂಡು ಎಡಗೈಯನ್ನೇ ಚಾಚಿದ.

"ಅಮ್ಮಾ, ದೊಡ್ಡೋನು ಬಂದಿದೀನಿ."

ತಾಯಿ ಆ ಕೈ ಹಿಡಿದುಕೊಂಡಳು. ಅವಳ ಮುಖ ಅರಳಿತು, ಆಮೇಲೆ ನಿಧಾನವಾಗಿ ಇಳಿದುಹೋಯಿತು. ಹೊರಗೆ ಶವ ಒಯ್ಯುವ ವಾಹನ ಬಂದು ನಿಂತ ಸದ್ದಾಯಿತು.

"ಅವನು ಹೀಗೆ ಕೈ ಮುಂದೆ ಮಾಡೋನಲ್ಲ ಚಿಕ್ಕೋನೇ. ಬಂದ ತಕ್ಷಣ ನನ್ ಕೈನೇ ತಗೊಳ್ಳೋನು." ಸ್ವಲ್ಪ ತಡೆದು ಕೇಳಿದಳು, "ಹೋಗ್ಬಿಟ್ನಾ?"

ಅವನು ಅವಳ ತೋಳಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ಕೈ ಬಿಡಲಿಲ್ಲ. ಇನ್ನೊಂದು ಕೈಯನ್ನು ಹಾಸಿಗೆಯ ಆಚೆ ಬದಿಗೆ, ಯಾರೂ ಕೂತಿರದ ಕಡೆಗೆ, ಅಂಗೈ ಬಿಚ್ಚಿ ಚಾಚಿದಳು.